ಸರ್ ಥಾಮಸ್ ಮನ್ರೋ ಮತ್ತು ನಮ್ಮ ಹಳ್ಳಿಗಳ ಆಡಳಿತ

ಊರು ಬಿಟ್ಟು ಬಂದು ಚೆನ್ನೈ ನಗರದಲ್ಲಿ ನೆಲಸಿದ ನಮ್ಮ ಕನ್ನಡ ಸಂಸಾರಗಳಲ್ಲಿ, ಹುಟ್ಟೂರಿನ ಕಡೆ ಇನ್ನೂ ಒಂದು ತುಂಡು ಹೊಲವನ್ನೋ ಗದ್ದೆಯನ್ನೋ ಉಳಿಸಿಕೊಂಡವರು ಹಲವರುಂಟು. ಆ ಜಮೀನಿನ ಕಾಗದವನ್ನು ಬಿಡಿಸಿ ನೋಡಿದರೆ ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಬರೆದಿರುತ್ತದೆ. ದಕ್ಷಿಣ ಕನ್ನಡದವರಾದರೆ ಗುಂಟೆಯ ಬದಲು ಸೆಂಟ್ಸ್ ಎನ್ನುತ್ತಾರೆ, ಅದು ಬೇರೆ ಮಾತು. ಮೂವತ್ತಮೂರು ಅಡಿ ಉದ್ದದ ಸರಪಳಿಯನ್ನು ನೆಲದ ಮೇಲೆ ಎಳೆದು, ಅಷ್ಟೇ ಅಗಲಕ್ಕೆ ಚೌಕ ಮಾಡಿದರೆ ಒಂದು ಗುಂಟೆ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಇದಕ್ಕೆ ಮೊದಲು ಅಳತೆ ಸೀಮೆಗೊಂದು ಬಗೆಯಾಗಿತ್ತು. ಇನ್ನೂರು ವರ್ಷಗಳಿಗೂ ಹಿಂದೆ ಬಳ್ಳಾರಿ ಸೀಮೆಯಲ್ಲಿ ಈ ಸರಪಳಿಯಿಂದಲೇ ಅಳೆಯಬೇಕೆಂದು ಕಟ್ಟುಮಾಡಿ, ಹೊಲದಿಂದ ಹೊಲಕ್ಕೆ ನಾಡನ್ನೆಲ್ಲ ಅಳೆಯಿಸಿದ ಅಧಿಕಾರಿ ಸರ್ ಥಾಮಸ್ ಮನ್ರೋ. ಅಣ್ಣಾ ಸಾಲೆಯಿಂದ ಕೋಟೆಯ ಕಡೆಗೆ ಹೋಗುವಾಗ ದ್ವೀಪ ಮೈದಾನದ ಬಳಿ ಎತ್ತರದ ಕಟ್ಟೆಯ ಮೇಲೆ ಕುದುರೆಯನ್ನೇರಿ ಕುಳಿತಿರುವವರು ಅವರೇ. ಶಿಲ್ಪಿ ಚಾಂಟ್ರಿ ಮಾಡಿದ ಆ ಪ್ರತಿಮೆಯಲ್ಲಿ ಕುದುರೆಗೆ ಜೀನಾಗಲಿ ರಿಕಾಪಾಗಲಿ ಇಲ್ಲ. ಇದನ್ನು ಕುರಿತು ನಗರದ ಜನ ಕಟ್ಟಿದ ಕಥೆಗಳೂ ಕಡಮೆಯಿಲ್ಲ.

ಮನ್ರೋ ಅವರ ಚರಿತ್ರೆಯನ್ನು ಕನ್ನಡಿಗರು ತಿಳಿಯಬೇಕಾದದ್ದು ಪ್ರತಿಮೆಗಾಗಿ ಅಲ್ಲ. ಹಳೆಯ ಮೈಸೂರು ಸೀಮೆಯೊಂದನ್ನು ಬಿಟ್ಟರೆ, ಕರಾವಳಿ, ಬಳ್ಳಾರಿ, ಧಾರವಾಡ, ಬೆಳಗಾವಿ ಈ ಭಾಗಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಅವರ ಕೈಕೆಳಗೆ ಇದ್ದವು. ನಮ್ಮ ಹಳ್ಳಿ ಎಂದರೇನು, ಅದು ಹೇಗೆ ತನ್ನನ್ನು ತಾನು ಆಳಿಕೊಳ್ಳುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ಕಂಡು ಬರೆದ ಪರದೇಶದವರು ವಿರಳ. ಹಾಗೆ ಕಂಡು ಮೆಚ್ಚಿದವರ ಕೈಯಿಂದಲೇ ಆ ಹಳ್ಳಿಯ ಬಲ ಕುಂದುವ ಕೆಲಸವೂ ಆಯಿತೆಂಬುದು ಈ ಜೀವನದ ವಿಚಿತ್ರ.

ಥಾಮಸ್ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ಅಮೆರಿಕದ ವರ್ಜೀನಿಯದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಅನುಕೂಲಸ್ಥ ವರ್ತಕ. ಹುಡುಗನಿಗೆ ಚಿಕ್ಕಂದಿನಲ್ಲಿ ದಡಾರ ಬಂದು ಕಿವಿ ಮಂದವಾಯಿತು. ಆ ಕೊರತೆ ಕೊನೆಯವರೆಗೂ ಉಳಿಯಿತು. ಓದಿನಲ್ಲಿ ಚುರುಕು. ಡಾನ್ ಕ್ವಿಕ್ಸೋಟ್ ಕಥೆಯನ್ನು ಮೂಲದಲ್ಲೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ತಾನಾಗಿ ಕಲಿತನಂತೆ. ಅಷ್ಟರಲ್ಲಿ ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದು ಯುದ್ಧ ಹೂಡಿದವು. ತಂದೆಯ ವ್ಯಾಪಾರ ಮುಳುಗಿತು. ಮನೆತನವನ್ನು ಎತ್ತಿ ನಿಲ್ಲಿಸುವ ಭಾರ ಹೊತ್ತು, ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಯಲ್ಲಿ ಕೆಡೆಟ್ಟಾಗಿ, ಹದಿನೆಂಟರ ತರುಣ 1780ರ ಜನವರಿಯಲ್ಲಿ ಮದರಾಸಿನ ದಡಕ್ಕೆ ಇಳಿದ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಸಂಕಟ ನಮಗೆ ಹೊಸದಲ್ಲವಷ್ಟೆ.

ಬಂದ ವರ್ಷವೇ ಹೈದರಾಲಿಯ ಸೈನ್ಯ ಘಟ್ಟವಿಳಿದು ಬಂತು. ನಾಲ್ಕು ವರ್ಷಗಳ ಆ ಯುದ್ಧದಲ್ಲಿಯೂ, ಮುಂದೆ 1790ರಿಂದ 1792ರವರೆಗೆ ಟೀಪೂ ಸುಲ್ತಾನನೊಡನೆ ನಡೆದ ಯುದ್ಧದಲ್ಲಿಯೂ ಮನ್ರೋ ದುಡಿದರು. ಯುದ್ಧಗಳ ವಿವರ ಇಲ್ಲಿ ಬೇಡ. ಆ ಸಂಧಿಯಲ್ಲಿ ಕಂಪನಿಗೆ ಸಿಕ್ಕಿದ ಬಾರಾಮಹಲ್ ಪ್ರಾಂತ, ಎಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಗಳ ಕಡೆಯ ನಾಡು, ಅವರ ಬಾಳಿನ ದಾರಿಯನ್ನು ತಿರುಗಿಸಿತು. ಅಲ್ಲಿನ ಕಂದಾಯದ ಕೆಲಸಕ್ಕೆ ದೇಶಭಾಷೆ ಬಲ್ಲವರು ಬೇಕಾಗಿತ್ತು. ಮದರಾಸಿನ ಸಿವಿಲ್ ಅಧಿಕಾರಿಗಳಲ್ಲಿ ಅಂಥವರು ದೊರೆಯದೆ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಗೂ ಅವರ ಕೈಕೆಳಗಿನ ಕೆಲವು ಸೇನಾಧಿಕಾರಿಗಳಿಗೂ ಆ ಕೆಲಸ ಒಪ್ಪಿಸಲಾಯಿತು. ಆ ಸಹಾಯಕರಲ್ಲಿ ಮನ್ರೋ ಒಬ್ಬರು. ನಡುವೆ ಜಮೀನ್ದಾರನನ್ನಾಗಲಿ ಗುತ್ತಿಗೆದಾರನನ್ನಾಗಲಿ ಇಟ್ಟುಕೊಳ್ಳದೆ, ಉಳುವ ರೈತನೊಡನೆ ಸರಕಾರವೇ ನೇರವಾಗಿ ಲೆಕ್ಕ ಮಾಡಿಕೊಳ್ಳುವ ಪದ್ಧತಿ ಅಲ್ಲಿ ರೂಪುಗೊಂಡಿತು. ಅದಕ್ಕೇ ರೈತವಾರಿ ಎಂದು ಹೆಸರು. ಏಳು ವರ್ಷ ಹಳ್ಳಿಯಿಂದ ಹಳ್ಳಿಗೆ ತಿರುಗುತ್ತ ಮನ್ರೋ ಕಲಿತ ಪಾಠವೇ ಮುಂದಿನ ಅವರ ವೃತ್ತಿಗೆಲ್ಲ ಬಂಡವಾಳವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮೈಸೂರಿನ ವಿಲೇವಾರಿಗೆ ನೇಮಿಸಿದ ಆಯೋಗಕ್ಕೆ ಮನ್ರೋ ಮತ್ತು ಜಾನ್ ಮಾಲ್ಕಂ ಇಬ್ಬರೂ ಕಾರ್ಯದರ್ಶಿಗಳು. ಅದು ಮುಗಿಯುತ್ತಲೇ ಮನ್ರೋ ಅವರನ್ನು ಕನ್ನಡ ಜಿಲ್ಲೆಗೆ ಕಲೆಕ್ಟರಾಗಿ ಕಳುಹಿಸಿದರು. ಕಾರವಾರದಿಂದ ಕಾಸರಗೋಡಿನವರೆಗಿನ ಆ ಕರಾವಳಿ ಅವರಿಗೆ ಹಿಡಿಸಲಿಲ್ಲ. ಎಡೆಬಿಡದ ಮಳೆ, ದಾಟಿದಷ್ಟೂ ಮುಗಿಯದ ಹೊಳೆಗಳು, ಕಚೇರಿಗೆ ಬಾರದೆ ಕೂಟ ಕಟ್ಟಿಕೊಂಡು ನಿಂತ ರೈತರು. ವಿಟ್ಲದ ಹೆಗ್ಗಡೆ ದಂಗೆಯೆದ್ದು ಸೆರೆಸಿಕ್ಕಾಗ ಅವನನ್ನು ಗಲ್ಲಿಗೇರಿಸಿದರು. ಮನ್ರೋ ಮೃದುಹೃದಯರೆಂದು ಹೇಳುವವರು ಇದನ್ನೂ ನೆನಪಿಡಬೇಕು.

ಆದರೆ ಕರಾವಳಿ ಅವರಿಗೆ ಒಂದು ಹೊಸ ವಿಷಯವನ್ನು ತೋರಿಸಿಕೊಟ್ಟಿತು. ಬಯಲುಸೀಮೆಯ ಹಾಗೆ ಅಲ್ಲಿ ಮನೆಗಳೆಲ್ಲ ಒಂದೆಡೆ ಗುಂಪಾಗಿರುವುದಿಲ್ಲ. ಒಬ್ಬೊಬ್ಬನ ಮನೆ ಅವನವನ ಗದ್ದೆಯ ಮೇಲ್ಗಡೆ, ತೆಂಗು ಅಡಕೆಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ನಾಲ್ಕು ಗುಡ್ಡ, ಎರಡು ತೋಡು, ಹತ್ತಾರು ಬೈಲು ಸೇರಿದರೆ ಒಂದು ಗ್ರಾಮ. ಅಲ್ಲಿ ಭೂಮಿಯ ಒಡೆತನವೂ ಬಹು ಹಳೆಯದು, ಮಾರುವುದಕ್ಕೂ ಅಡವಿಡುವುದಕ್ಕೂ ಬರುವಂಥದು. ಕಪ್ಪು ಕಡತಗಳಲ್ಲಿ ಬಿದನೂರು ಅರಸರ ಕಾಲದ ಲೆಕ್ಕಗಳು ಉಳಿದಿದ್ದವು. ಇವನ್ನೆಲ್ಲ ಪರಿಶೀಲಿಸಿ 1800ರಲ್ಲಿ ಅವರು ಬರೆದ ವರದಿಗಳನ್ನು, ಮೂಲಗೇಣಿ ಮೂಲವರ್ಗಗಳ ವಿಚಾರಕ್ಕೆ ತೊಡಗಿದ ವಿದ್ವಾಂಸರು ಬಹುಕಾಲ ಆಧಾರವಾಗಿ ಇಟ್ಟುಕೊಂಡರು.

ಅದೇ 1800ರಲ್ಲಿ ಹೈದರಾಬಾದಿನ ನಿಜಾಮನು ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಹೆಸರಾದ ಸುಮಾರು 26,000 ಚದರ ಮೈಲಿಯ ಆ ನಾಡಿಗೆ ಮನ್ರೋ ಮುಖ್ಯ ಕಲೆಕ್ಟರಾದರು. ಕೈಕೆಳಗೆ ನಾಲ್ವರು ಸಹಾಯಕ ಕಲೆಕ್ಟರುಗಳು. ಎದುರಿಗೆ ಎಂಬತ್ತರಷ್ಟು ಪಾಳೆಯಗಾರರು. ಏಳು ವರ್ಷದ ಬಹುಭಾಗವನ್ನು ಡೇರೆಯಲ್ಲಿಯೇ ಕಳೆದರು. ಇಂದು ಈ ಊರು, ನಾಳೆ ಆ ಊರು. ಮರದ ನೆರಳಿನಲ್ಲಿ ಕಚೇರಿ. ಸುತ್ತ ರೈತರು, ಕರಣಿಕರು, ದೂರು ತಂದವರು.

ಅಲ್ಲಿ ಅವರು ಕಂಡ ಹಳ್ಳಿಯ ರೂಪವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ವರ್ಷಕ್ಕೆ ಇಪ್ಪತ್ತು ಇಂಚಿನ ಆಸುಪಾಸಿನ ಮಳೆ, ಅದೂ ನಂಬುವಂಥದಲ್ಲ. ಒಂದು ಕಡೆ ಜೋಳ ಹತ್ತಿ ಬೆಳೆಯುವ ಎರೆಭೂಮಿ, ಇನ್ನೊಂದು ಕಡೆ ನವಣೆ ಸಜ್ಜೆಗಳ ಕೆಂಪು ನೆಲ. ಕೆರೆ ಇದ್ದ ಊರಿಗೆ ಅದರ ಕೆಳಗೆ ನಾಲ್ಕಾರು ಗದ್ದೆ. ಮನೆಗಳೆಲ್ಲ ಒತ್ತಾಗಿ ಒಂದೆಡೆ, ಕಳ್ಳರ ದಂಡಿನ ಭಯಕ್ಕೆ ಸುತ್ತ ಮಣ್ಣಿನ ಗೋಡೆ, ನಡುವೆ ಕಲ್ಲಿನ ಹುಡೇವು. ಹೊರಗೆ ಕಣಗಳು, ಗೋಮಾಳ, ಹಳ್ಳ, ಸ್ಮಶಾನ, ಆಚೆಗೆ ಎಲ್ಲೆಗಲ್ಲು. ಆ ಕಲ್ಲಿನಿಂದ ಈಚೆಗೆ ಇರುವುದೆಲ್ಲ, ಉತ್ತ ಹೊಲವಾಗಲಿ ಬೀಳು ನೆಲವಾಗಲಿ, ಆ ಊರಿನದು. ಅರಸರು ಬದಲಾದರು, ಸೀಮೆಗಳು ಕೈಬದಲಾದವು, ದಂಡು ಬಂದಾಗ ಊರಿಗೆ ಊರೇ ಎದ್ದುಹೋಯಿತು. ಮರಳಿ ಬಂದಾಗ ಅದೇ ಕಲ್ಲುಗಳ ನಡುವೆ, ಅವರವರ ಹೊಲ ಅವರವರಿಗೆ.

ಇಂಥ ಊರಿನ ಆಡಳಿತಕ್ಕೆ ಹನ್ನೆರಡು ಮಂದಿ ಆಯಗಾರರು. ಗೌಡ ಅಥವಾ ರೆಡ್ಡಿ ತಲೆಯಾಳು: ಕಂದಾಯ ಎತ್ತುವುದು, ಜಗಳ ಬಗೆಹರಿಸುವುದು ಅವನ ಕೆಲಸ. ಲೆಕ್ಕ ಬರೆಯುವವನನ್ನು ಬಳ್ಳಾರಿಯಲ್ಲಿ ಕರಣಿಕನೆಂದೂ, ಮೈಸೂರಿನಲ್ಲಿ ಶಾನುಭೋಗನೆಂದೂ, ಧಾರವಾಡದ ಕಡೆ ಕುಲಕರ್ಣಿಯೆಂದೂ ಕರೆಯುವುದು ವಾಚಕರಿಗೆ ತಿಳಿದೇ ಇದೆ. ಕಾವಲಿಗೆ ತಳವಾರ. ಎಲ್ಲೆಗಲ್ಲುಗಳ ಸಾಕ್ಷಿಯೂ ಊರಿನ ಓಲೆಕಾರನೂ ತೋಟಿಯೇ. ಕೆರೆಯ ತೂಬು ತೆಗೆದು ಸರದಿಯಂತೆ ನೀರು ಬಿಡುವವನು ನೀರುಗಂಟಿ. ಇವರ ಜೊತೆಗೆ ಜೋಯಿಸ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕೆಲಸಿ ಮೊದಲಾದವರು. ಪಟ್ಟಿ ಊರಿಂದೂರಿಗೆ ಸ್ವಲ್ಪ ಬೇರೆ. ಯಾರಿಗೂ ಹಣದ ಸಂಬಳವಿಲ್ಲ. ಸುಗ್ಗಿಯಲ್ಲಿ ರಾಶಿ ಎತ್ತುವ ಮುಂಚೆ ಕಣದಲ್ಲಿಯೇ ಅವರವರ ಆಯವನ್ನು ಅಳೆದು ಕೊಡಬೇಕು. ಕೆಲವರಿಗೆ ಮಾನ್ಯದ ಹೊಲವೂ ಉಂಟು. ಇಂಥ ಒಂದೊಂದು ಹಳ್ಳಿಯೂ ಗೌಡನ ಮುಂದಾಳುತನದಲ್ಲಿ ತನ್ನಷ್ಟಕ್ಕೆ ತಾನೇ ನಡೆಯುವ ಪುಟ್ಟ ಗಣರಾಜ್ಯದಂತಿದೆ ಎಂದು 1806ರಲ್ಲಿ ಮನ್ರೋ ಮೇಲಿನವರಿಗೆ ಬರೆದರು. ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ 1812ರಲ್ಲಿ ಬಂದ ಪ್ರಸಿದ್ಧ ಐದನೆಯ ವರದಿಯೂ ನಮ್ಮ ಹಳ್ಳಿಯನ್ನು, ನೋಟಕ್ಕೆ ಒಂದಿಷ್ಟು ಎಕರೆ ನೆಲವಾದರೂ ವ್ಯವಸ್ಥೆಯಲ್ಲಿ ಒಂದು ಪುರಸಭೆಯಂಥದೆಂದು ವರ್ಣಿಸಿತು. ಗ್ರಾಮ ಸ್ವರಾಜ್ಯದ ಚರ್ಚೆಗಳಿಗೆ ಇಂಥ ಬರಹಗಳು ಬಹುಕಾಲ ಮೂಲವಾದವು.

ಈ ವರ್ಣನೆಯಲ್ಲಿ ಕಾಣದೆ ಹೋದದ್ದೂ ಉಂಟು. ಎಲ್ಲೆಗಲ್ಲಿನ ನೆನಪನ್ನೆಲ್ಲ ಹೊತ್ತ ತೋಟಿಗೆ ಊರ ಗೋಡೆಯೊಳಗೆ ಮನೆಯಿರಲಿಲ್ಲ. ಗೌಡನ ಕಟ್ಟೆಯ ಮೇಲೆ ನಡೆಯುವ ಪಂಚಾಯತಿಯಲ್ಲಿ ಹೊಲೆಯ ಮಾದಿಗರಿಗೆ ಕೂಡುವ ಹಕ್ಕಿರಲಿಲ್ಲ, ಹೆಂಗಸರಿಗೆ ಬಾಯಿಯೂ ಇರಲಿಲ್ಲ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಹಳ್ಳಿಯ ಗಣರಾಜ್ಯವೆಂಬ ಹೊಗಳಿಕೆಯನ್ನು ಕಟುವಾಗಿ ಖಂಡಿಸಿದ್ದು ಈ ಕಾರಣಕ್ಕಾಗಿಯೇ. ಮನ್ರೋ ನೋಡಿದ್ದು ಆಡಳಿತಗಾರನ ಕಣ್ಣಿನಿಂದ: ವ್ಯವಸ್ಥೆ ನಡೆಯುತ್ತದೆಯೇ, ಕಂದಾಯ ಬರುತ್ತದೆಯೇ ಎಂದು.

ಕಂದಾಯ ಬರಬೇಕೆಂಬಲ್ಲಿ ಅವರೂ ಕಂಪನಿಯ ಸೇವಕರೇ. 1801ರಲ್ಲಿ ಆದವಾನಿ ಸೀಮೆಯ ತೆರ್ನೆಕಲ್ಲು ಎಂಬ ಊರಿನವರು ತೆರಿಗೆಯ ವಿಷಯದಲ್ಲಿ ತಿರುಗಿಬಿದ್ದು ತಮ್ಮ ಮಣ್ಣಿನ ಕೋಟೆಯೊಳಗೆ ಕುಳಿತಾಗ, ಕಂಪನಿಯ ದಂಡು ಹೋಗಿ ಆ ಕೋಟೆಯನ್ನು ಹಿಡಿಯಿತು. ಪುಟ್ಟ ಗಣರಾಜ್ಯದ ಸ್ವಾತಂತ್ರ್ಯಕ್ಕೆ ಎಲ್ಲೆ ಎಲ್ಲಿ ಎಂಬುದು ಆ ಸುತ್ತಿನ ಊರುಗಳಿಗೆ ಅಂದೇ ತಿಳಿದಿರಬೇಕು.

1802ರಲ್ಲಿ ಅಳತೆಯ ಕೆಲಸ ಮೊದಲಾಯಿತು. ಮೊದಲಿಗೆ ನಾಲ್ಕೇ ಮಂದಿ ಗುಮಾಸ್ತರು; ಬರಬರುತ್ತ ನೂರು. ಹೊಲ ಮಾತ್ರವಲ್ಲ, ರಸ್ತೆ, ಊರಿನ ಗಾವಠಾಣ, ಕೆರೆಯ ಅಂಗಳ, ಹಳ್ಳ, ಕಾಡು ಎಲ್ಲವನ್ನೂ ಅಳೆಯಬೇಕೆಂದು ಅಪ್ಪಣೆ. ಹಿಂದಿನಿಂದ ಇನ್ನೊಂದು ತಂಡ ಬಂದು ನೆಲದ ಗುಣ ನೋಡಿ ತೀರ್ವೆ ಗೊತ್ತುಮಾಡುತ್ತಿತ್ತು. 1807ರ ವೇಳೆಗೆ ಕೆಲಸ ಪೂರೈಸಿತು. ಪ್ರತಿಯೊಂದು ಹೊಲಕ್ಕೂ ಇಷ್ಟೆಂದು ತೀರ್ವೆ, ಪ್ರತಿಯೊಬ್ಬ ರೈತನಿಗೂ ಅವನದೇ ಪಟ್ಟಾ.

ಇದರಿಂದ ರೈತನಿಗೆ ಆದ ಅನುಕೂಲ ಸಣ್ಣದಲ್ಲ. ಗೌಡನೂ ಕರಣಿಕನೂ ಸೇರಿ ಬಡವನ ತಲೆಗೆ ಹೆಚ್ಚು ಕಟ್ಟಿ ತಮ್ಮವರ ಹೊಲವನ್ನು ಮರೆಮಾಚುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಕೈಯಲ್ಲಿ ಪಟ್ಟಾ ಇದ್ದವನು ಜಮಾಬಂದಿಯಲ್ಲಿ ತನ್ನ ಮಾತನ್ನು ತಾನೇ ಹೇಳಬಹುದಾಯಿತು. ಆದರೆ ಊರೆಲ್ಲ ಸೇರಿ ಹೊತ್ತು ಹಂಚಿಕೊಳ್ಳುತ್ತಿದ್ದ ಭಾರ ಒಬ್ಬೊಬ್ಬನ ಹೆಗಲಿಗೆ ಬೇರೆಬೇರೆಯಾಗಿ ಬಿತ್ತು. ಊರಿನ ಆಳಾಗಿದ್ದ ಗೌಡ ಬರಬರುತ್ತ ಸರಕಾರದ ಆಳಾದ. ಕರಣಿಕನ ಲೆಕ್ಕ ಊರ ಮುಂದೆ ಓದುವುದಕ್ಕಿಂತ ತಾಲ್ಲೂಕು ಕಚೇರಿಗೆ ಒಯ್ಯುವುದಕ್ಕೇ ಹೆಚ್ಚಾಯಿತು. ಮುಂದಿನ ತಲೆಮಾರುಗಳಲ್ಲಿ ಆಯ ಹೋಗಿ ಸಂಬಳ ಬಂತು, ಊರ ನ್ಯಾಯ ಹೋಗಿ ಕೋರ್ಟು ಬಂತು. ಕೊನೆಗೆ ಮೈಸೂರು ರಾಜ್ಯದ ಶಾಸನ ಸಭೆ 1961ರಲ್ಲಿ ಮಾಡಿದ ಕಾನೂನಿನಂತೆ, 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಗೌಡಕಿ ಶಾನುಭೋಗಿಕೆಗಳು ರದ್ದಾಗಿ ಸರಕಾರದ ಗ್ರಾಮಲೆಕ್ಕಿಗರು ಬಂದರು. ಇದಕ್ಕೆಲ್ಲ ಮನ್ರೋ ಒಬ್ಬರೇ ಕಾರಣರೆಂದರೆ ಅನ್ಯಾಯವಾದೀತು. ಮೊದಲ ಗೂಟ ಹೊಡೆದವರು ಅವರೆನ್ನಲು ಅಡ್ಡಿಯಿಲ್ಲ.

ತೀರ್ವೆ ಭಾರವಾಗಿದೆಯೆಂದು ಅವರಿಗೇ ಗೊತ್ತಿತ್ತು. 1807ರಲ್ಲಿ ಬಳ್ಳಾರಿಯಿಂದ ಹೊರಡುವ ಮುನ್ನ, ನಾಲ್ಕರಲ್ಲಿ ಒಂದು ಪಾಲನ್ನು ಇಳಿಸದೆ ರೈತ ತಲೆಯೆತ್ತಲಾರನೆಂದು ಬರೆದರು. ಮದರಾಸಿನ ಮೇಲಧಿಕಾರಿಗಳು ಒಪ್ಪಲಿಲ್ಲ. ಒಪ್ಪದೆ ಹೋದದ್ದಷ್ಟೇ ಅಲ್ಲ, ರೈತವಾರಿಯನ್ನೇ ಬಿಟ್ಟು ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದ ಗೌಡರಲ್ಲಿ ಅನೇಕರು ಬಾಕಿ ತೀರಿಸಲಾರದೆ ಮನೆಮಾರು ಕಳೆದುಕೊಂಡರು. 1820ರಲ್ಲಿ ಮನ್ರೋ ತಾವೇ ಗವರ್ನರಾಗಿ ಬಂದಮೇಲೆ ಆ ನಾಲ್ಕನೆಯ ಒಂದು ಪಾಲು ಇಳಿಯಿತು. ನಡುವೆ ಹದಿಮೂರು ವರ್ಷ ಹೋಗಿದ್ದವು.

ಆ ನಡುವಿನ ಕಾಲದಲ್ಲಿ ಅವರು ಸ್ವದೇಶಕ್ಕೆ ಹೋಗಿ, ಕಂಪನಿಯ ಸನ್ನದಿನ ವಿಚಾರಣೆಯಲ್ಲಿ ಸಾಕ್ಷ್ಯ ಹೇಳಿ, 1814ರಲ್ಲಿ ಜೇನ್ ಕ್ಯಾಂಬೆಲ್ ಎಂಬವರನ್ನು ಮದುವೆಯಾಗಿ, ನ್ಯಾಯಾಡಳಿತವನ್ನು ತಿದ್ದುವ ಆಯೋಗದ ಮುಖ್ಯಸ್ಥರಾಗಿ ಮದರಾಸಿಗೆ ಮರಳಿದರು. 1816ರ ಕಾನೂನುಗಳು ಅವರ ಕೈಯವು. ಹಳ್ಳಿಯ ಗೌಡನೇ ಗ್ರಾಮ ಮುನಸೀಫ. ಹತ್ತು ರೂಪಾಯಿಯೊಳಗಿನ ವ್ಯಾಜ್ಯವನ್ನು ಅವನೇ ತೀರಿಸಬೇಕು. ಎರಡು ಪಕ್ಷದವರೂ ಒಪ್ಪಿದರೆ ಊರಿನ ಪಂಚಾಯತಿ ಎಷ್ಟು ಮೊತ್ತದ ವ್ಯಾಜ್ಯವನ್ನಾದರೂ ಕೇಳಬಹುದು. ಪೊಲೀಸು ಕೆಲಸವೂ ಮರಳಿ ಊರಿನ ತಲೆಯಾಳುಗಳಿಗೆ ಮತ್ತು ತಳವಾರರಿಗೆ ಬಂತು. ಕಳೆದುಹೋಗುತ್ತಿದ್ದುದನ್ನು ಹಿಡಿದು ನಿಲ್ಲಿಸುವ ಪ್ರಯತ್ನವಿದು ಎನ್ನಬೇಕು. ಗ್ರಾಮ ಮುನಸೀಫಿ ಉಳಿದುಕೊಂಡಿತು. ಪಂಚಾಯತಿಗಳು ಮಾತ್ರ ಬೆಳೆಯಲಿಲ್ಲ. ಜನ ಹೆಚ್ಚಾಗಿ ಜಿಲ್ಲಾ ಮುನಸೀಫರ ಬಾಗಿಲಿಗೇ ಹೋದರು. ಊರ ಹಿರಿಯರ ಮಾತಿಗೆ ಬೆಲೆ ಬರುತ್ತಿದ್ದುದು ಊರು ಒಂದಾಗಿ ಇದ್ದುದರಿಂದ. ಕಾನೂನಿನ ಕಾಗದ ಆ ಒಗ್ಗಟ್ಟನ್ನು ತಂದುಕೊಡಬಲ್ಲುದೆ?

1817ರಲ್ಲಿ ಪೇಶ್ವೆಯ ಮೇಲಿನ ಯುದ್ಧ ಬಂದಾಗ ಮನ್ರೋ ಧಾರವಾಡದಲ್ಲಿದ್ದರು. ಕೈಯಲ್ಲಿದ್ದ ಸೈನ್ಯ ಅತ್ಯಲ್ಪ. ಊರೂರಿನ ಜನರಿಂದಲೇ ಬಂಟರನ್ನು ಕೂಡಿಸಿ, 1818ರ ಬೇಸಿಗೆಯೊಳಗೆ ಗದಗ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿ ಎಂದು ಒಂದೊಂದಾಗಿ ಹಿಡಿದು ಸೊಲ್ಲಾಪುರದವರೆಗೆ ಹೋದರು. ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿಯೂ ನೆರವಾದ. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಕಿತ್ತೂರಿನ ರಾಣಿ ಚೆನ್ನಮ್ಮ ಅದೇ ಕಂಪನಿಯೊಡನೆ ಕಾದಬೇಕಾಗಿ ಬಂತು.

ಗವರ್ನರಾಗಿ ಏಳು ವರ್ಷ. ಆ ಅವಧಿಯ ಕೆಲಸಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. 1822ರಲ್ಲಿ ಅವರು ಪ್ರಾಂತದ ಎಲ್ಲ ಕಲೆಕ್ಟರುಗಳಿಗೂ ಊರೂರಿನ ಶಾಲೆಗಳ ಲೆಕ್ಕ ಕಳುಹಿಸುವಂತೆ ಬರೆದರು. ಸರಕಾರದ ಕಾಸಿಲ್ಲದೆ ಜನರೇ ನಡೆಸುತ್ತಿದ್ದ 12,498 ಶಾಲೆಗಳು, 1,88,650 ಮಕ್ಕಳು ಎಂದು ಲೆಕ್ಕ ಬಂತು. ಬಳ್ಳಾರಿ ಜಿಲ್ಲೆಯೊಂದರಲ್ಲಿಯೇ 533 ಶಾಲೆ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ ಒಂದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಅದು ಯಾರದು ಎಂಬ ದೊಡ್ಡ ವಾದ ನಡೆದದ್ದನ್ನು ಬಲ್ಲವರಿಗೆ ಈ ಸಂಖ್ಯೆಗಳು ಸ್ವಾರಸ್ಯವಾಗಿ ಕಂಡಾವು. ದೇಶೀಯರನ್ನು ಸಣ್ಣ ಕೆಲಸಗಳಿಗಷ್ಟೇ ಕಟ್ಟಿಹಾಕಿದರೆ ಅವರ ಶೀಲವೇ ಕುಗ್ಗುವುದೆಂದೂ, ದೊಡ್ಡ ಹುದ್ದೆಗಳಿಗೂ ಅವರು ಬರಬೇಕೆಂದೂ, ಒಂದು ಕಾಲಕ್ಕೆ ಇಂಗ್ಲಿಷರು ಈ ನಾಡನ್ನು ಬಿಟ್ಟುಕೊಡುವುದೇ ಲೇಸಾದೀತೆಂದೂ 1824ರ ಕೊನೆಯ ದಿನ ಅವರು ಸರಕಾರದ ಕಡತದಲ್ಲಿಯೇ ಬರೆದಿಟ್ಟರು. ಅಂದಿನ ಗವರ್ನರನೊಬ್ಬನ ಲೇಖನಿಯಿಂದ ಇದು ಬಂದದ್ದು ಸಾಮಾನ್ಯವಲ್ಲ.

ಬಿಡುಗಡೆ ಕೇಳಿ ಕೇಳಿ ಸಾಕಾಗಿತ್ತು. ಬರ್ಮದ ಯುದ್ಧ ಅಡ್ಡ ಬಂತು. ಬಳಿಕ ಹೊಸ ಗವರ್ನರು ಬರುವುದು ತಡವಾಯಿತು. ಕಿರಿಯ ಮಗನಿಗೆ ಕಾಯಿಲೆಯಾಗಿ ಹೆಂಡತಿ ಮಗುವಿನೊಡನೆ 1826ರಲ್ಲಿ ಮೊದಲೇ ಹಡಗು ಹತ್ತಿದರು. ಒಬ್ಬರೇ ಉಳಿದ ಮನ್ರೋ, ಹೊರಡುವ ಮುನ್ನ ದತ್ತ ಮಂಡಲವನ್ನು ಕಡೆಯ ಬಾರಿ ನೋಡಿಬರುವೆನೆಂದು ಬೇಸಿಗೆಯಲ್ಲಿ ಹೊರಟರು. ಆ ಸೀಮೆಯಲ್ಲಿ ಅಂದು ವಾಂತಿಭೇದಿ ಹರಡಿತ್ತು. ಗುತ್ತಿಯನ್ನು ದಾಟಿ ಪತ್ತಿಕೊಂಡಕ್ಕೆ ಬಂದಾಗ ರೋಗ ಅವರಿಗೂ ತಗುಲಿತು. 1827ರ ಜುಲೈ 6ರ ಬೆಳಗ್ಗೆ ಕಾಣಿಸಿಕೊಂಡ ಬೇನೆ ಅಂದೇ ರಾತ್ರಿ ಅವರ ಪ್ರಾಣವನ್ನು ಒಯ್ದಿತು. ಅರವತ್ತಾರು ವರ್ಷ ವಯಸ್ಸು. ದೇಹವನ್ನು ಗುತ್ತಿಯಲ್ಲಿ ಮಣ್ಣುಮಾಡಿ, 1831ರಲ್ಲಿ ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಇಗರ್ಜಿಗೆ ತಂದರು.

ಆ ಸೀಮೆಯ ಜನ ಅವರನ್ನು ತಮ್ಮ ಕಥೆಗಳಲ್ಲಿ ಸೇರಿಸಿಕೊಂಡರು. ಮಂತ್ರಾಲಯದ ಗ್ರಾಮದ ವಿಚಾರಣೆಗೆ ಹೋದಾಗ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಬಂದು ಅವರೊಡನೆ ಮಾತನಾಡಿದರೆಂದು ಭಕ್ತರ ನಂಬಿಕೆ. ಕಡಪದ ಗಂಡಿ ಎಂಬಲ್ಲಿ, ಸಾವು ಹತ್ತಿರವಾದವರಿಗೆ ಮಾತ್ರ ಕಾಣುವ ಚಿನ್ನದ ತೋರಣವನ್ನು ಅವರು ಕಂಡರೆಂದು ಇನ್ನೊಂದು ಕಥೆ. ಪತ್ತಿಕೊಂಡದಲ್ಲಿ ಅವರ ನೆನಪಿಗೆ ಸರಕಾರ ಬಾವಿ ತೋಡಿಸಿ ತೋಪು ಹಾಕಿಸಿತು. ರೈತರ ಮನೆಗಳಲ್ಲಿ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವುದು ಬಹುಕಾಲ ನಡೆದುಬಂತು.